ಸಿಕ್ಕಿದ ಸೊತ್ತಿನ ಕಪಾಟು

ಗುತ್ತಿಗಾರು
8 ಜೂನ್ 1985

ಚಿರಂಜೀವಿ ಪ್ರೇಮನಾಥನಿಗೆ ಆಶೀರ್ವಾದಗಳು.

‘ಇಲ್ಲಿ ಕೂಡಿರುವ ತರುಣ ತರುಣಿಯರ ಸಭೆಗೆ ನನ್ನ ವಂದನೆಗಳು. ಮಾತಾಡುವುದಕ್ಕಿಂತ ಮೊದಲು ಕೇಳಿಸಿಕೊಳ್ಳಬೇಕೆಂಬುದನ್ನು ನಮಗೆ ಕಲಿಸಿ, ಈ ಹೊತ್ತು ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಿಗೆ ಕೃತಜ್ಞತೆಗಳು.’

ಗಾಬರಿಯಾಗಬೇಡ, ನಿನ್ನ ಗುರುವಿಗೆ ಅರುಳುಮರುಳು ಹಿಡಿದಿಲ್ಲ. ಅಕ್ಟೋಬರ್ ಎರಡರಂದು ಪುತ್ತೂರಿನಲ್ಲಿ ನಾನು ಮಾಡಬೇಕಾದ ಭಾಷಣದ ಆರಂಭವದು. ಪುತ್ತೂರು, ಸುಳ್ಯ, ಕಡಬದ ಯುವಕ ಮಂಡಲಗಳು ಸೇರಿ ಚರ್ಚಾಕೂಟ ನಡೆಸುತ್ತಿವೆ. ಕೊಟ್ಟಿರುವ ವಿಷಯ: ‘ಭಯೋತ್ಪಾದನೆ ಎಂದರೇನು, ಅದರ ಕಾರಣವೇನು?’ ಆರಂಭ ಸಿದ್ಧವಾಗಿದೆ. ‘ಬನ್ನಿ, ಕೆಲಸಕ್ಕೆ ತೊಡಗೋಣ’ ಎಂಬ ಕೊನೆಯ ಮಾತೂ ಸಿದ್ಧವಾಗಿದೆ. ನಡುವೆ ಏನು ಹೇಳಬೇಕೆಂಬುದು ಮಾತ್ರ ತಿಳಿಯದು.

ನೀನು ದೆಹಲಿಯಲ್ಲಿದ್ದೀಯೆ. ಅಲ್ಲಿಯ ಬಸ್ಸುಗಳಲ್ಲಿ ಬಿಟ್ಟುಹೋದ ರೇಡಿಯೊಗಳ ಒಳಗೆ ಬಾಂಬುಗಳಿದ್ದ ಸುದ್ದಿಯನ್ನು ಕಳೆದ ತಿಂಗಳು ಪತ್ರಿಕೆಯಲ್ಲಿ ಓದಿದೆ. ರೇಡಿಯೊ ರಿಪೇರಿಯೇ ನಿನ್ನ ವೃತ್ತಿಯಾದ್ದರಿಂದ ನಿನಗೆ ಹೆಚ್ಚು ತಿಳಿದಿರಬೇಕು. ಕಾರಣಗಳನ್ನು ಒಂದೊಂದಾಗಿ ಬರೆದು ಕಳುಹಿಸು. ಮೇ ತಿಂಗಳಲ್ಲಿ ನಿನ್ನ ಕಾಗದವೇ ಬರಲಿಲ್ಲ. ಕೆಲಸದ ಒತ್ತಡವೆಂದು ನಿನ್ನ ತಾಯಿಗೆ ಸಮಾಧಾನ ಹೇಳಿದ್ದೇನೆ.

ಶಾಲೆ ತೆರೆದ ದಿನವೇ ಒಂದು ಕೆಲಸ ಮಾಡಿದೆ. ನಮ್ಮ ಜಗಲಿಯ ಕಪಾಟು ನಿನಗೆ ನೆನಪಿರಬೇಕು. ದಾರಿಯಲ್ಲೋ ಬಸ್ಸಿನಲ್ಲೋ ಸಿಕ್ಕಿದ ವಸ್ತುವನ್ನು ಮಕ್ಕಳು ತಂದು ಅದರಲ್ಲಿಡುವುದು, ಒಡೆಯರು ಬಂದು ಒಯ್ಯುವುದು ಇಪ್ಪತ್ತು ವರ್ಷದ ರೂಢಿ. ನೀನು ಏಳನೆಯ ತರಗತಿಯಲ್ಲಿ ತಂದಿಟ್ಟ ಕನ್ನಡಕದ ಒಡೆಯನನ್ನು ಹುಡುಕಿಕೊಂಡು ಬೆಳ್ಳಾರೆಯವರೆಗೆ ನಡೆದದ್ದು ಈಗಲೂ ಮಕ್ಕಳಿಗೆ ನಾನು ಹೇಳುವ ಪಾಠ. ಆ ಕಪಾಟಿಗೆ ಈಗ ಬೀಗ ಹಾಕಿದೆ. ‘ಒಡೆಯನಿಲ್ಲದ ವಸ್ತುವನ್ನು ಮುಟ್ಟಬೇಡಿ, ಕಂಡರೆ ಕೂಗಿ ಹತ್ತು ಜನರನ್ನು ಸೇರಿಸಿ’ ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ತಿಳಿಸಿದೆ.

ಹಲಸು ಹಣ್ಣಾಗಿ ಆನೆಗಳು ಇಳಿದಿವೆ. ಆನೆ ಕಾವಲಿನ ಸಮಿತಿಗೆ ಈ ಬಾರಿ ನಾನೇ ಕಾರ್ಯದರ್ಶಿ. ಉಪ್ಪಿನಂಗಡಿಯ ಪೋಕರ್ ಬ್ಯಾರಿಗೆ ಎಂದಿನಂತೆ ಆನೆ ಓಡಿಸುವ ಗರ್ನಾಲಿಗೆ ಚೀಟಿ ಬರೆದು ಕೊಟ್ಟಿದ್ದೇನೆ. ಒಣಮೀನಿನ ಬುಟ್ಟಿಯ ಜೊತೆ ಆ ಪಟಾಕಿಗಳ ಚೀಲವನ್ನೂ ತಂದುಕೊಡುವವನು ಅವನೊಬ್ಬನೇ.

ಇತಿ,
ಧರ್ಮಪಾಲ ಮಾಸ್ತರ

* * *

ದೆಹಲಿ
24 ಜೂನ್ 1985

ಗುರುಗಳಿಗೆ ಪ್ರೇಮನಾಥನ ಪ್ರಣಾಮಗಳು.

ಕಾಗದ ತಡವಾಯಿತು. ಕ್ಷಮಿಸಿ. ಇಲ್ಲಿ ವಿಪರೀತ ಸೆಕೆ. ಅಂಗಡಿಯ ಯಜಮಾನ ಹರಭಜನ್ ಸಿಂಗರು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಊಟ ಅವರ ಮನೆಯಿಂದಲೇ ಬರುತ್ತದೆ. ಅಮ್ಮನಿಗೆ ಹೇಳಿ, ನಾನು ದಪ್ಪಗಾಗಿದ್ದೇನೆ.

ಕಾರಣ ಕೇಳಿದ್ದೀರಿ. ನನಗೆ ತಿಳಿಯುವುದಿಲ್ಲ.

ಕಪಾಟಿಗೆ ಬೀಗ ಹಾಕಿದ್ದು ಸರಿ. ಸರಿಯೇ? ಬೀಗ ಹಾಕಿದ್ದು ಸರಿಯೆಂದು ಬರೆದ ಮೇಲೆ ಅಲ್ಲವೆಂದು ತೋರುತ್ತದೆ. ಮಕ್ಕಳಿಗೆ ಕೂಗಲು ಹೇಳಿದ್ದೀರಲ್ಲ, ಕೂಗಿದ ಮೇಲೆ ಏನು ಮಾಡಬೇಕೆಂದು ಹೇಳಿದ್ದೀರಾ?

ಹೆಚ್ಚು ಬರೆಯಲಾರೆ. ಕರೆಂಟಿಲ್ಲ.

ಪ್ರೇಮನಾಥ

* * *

ಗುತ್ತಿಗಾರು
9 ಜುಲೈ 1985

ಚಿರಂಜೀವಿ ಪ್ರೇಮನಾಥನಿಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಬೇಸರಪಡಬೇಡ, ಒಂದು ಮಾತು ಹೇಳಲೇಬೇಕು. ಅಕ್ಷರ ಏಕೆ ಹೀಗೆ ಕೆಟ್ಟಿದೆ? ಕೋಳಿ ಕೆದಕಿದಂತಿದೆ. ತಾಲೂಕಿನ ಕೈಬರಹದ ಸ್ಪರ್ಧೆಯಲ್ಲಿ ಬಹುಮಾನ ಪಡೆದವನು ನೀನು. ಪಟ್ಟಣಕ್ಕೆ ಹೋದವರಿಗೆ ಕಾಗದವೆಂದರೆ ತಾತ್ಸಾರವಾಗುವುದನ್ನು ಕಂಡಿದ್ದೇನೆ. ಆ ಸಾಲಿಗೆ ನೀನು ಸೇರಬಾರದು.

ನಿನ್ನ ತಾಯಿಗೆ ಓದಿ ಹೇಳಿದೆ. ಪೂವಮ್ಮ ಎಂದಿನಂತೆ ಕಾಗದವನ್ನು ಕೈಗೆ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ, “ಮಾಸ್ಟ್ರೇ, ಇದು ಅವನ ಕೈ ಅಲ್ಲ” ಎಂದರು.

“ಕರೆಂಟಿರಲಿಲ್ಲವಂತೆ ಪೂವಮ್ಮ, ಅವಸರದಲ್ಲಿ ಬರೆದಿದ್ದಾನೆ.”

“ನಂಗೆ ಓದ್ಲಿಕ್ಕೆ ಬರುದಿಲ್ಲ, ನೋಡ್ಲಿಕ್ಕೆ ಬರ್ತದೆ. ‘ಅಮ್ಮ’ ಅಂತ ಇಲ್ಲಿ ಉಂಟಲ್ಲ, ಅವ ಬರೆದ್ರೆ ಅದು ದೋಸೆ ಹೊಯ್ದ ಹಾಗೆ ಉರುಟು ಇರ್ತದೆ. ಇದು ಯಾರದ್ದೋ ಕೈ.”

ಓದು ಬಾರದವರ ಅನುಮಾನವೆಂದು ನಕ್ಕುಬಿಟ್ಟೆ. ಮುಂದಿನ ಬಾರಿ ದುಂಡಗೆ ಬರೆದು ಅವರ ಸಂಶಯ ಪರಿಹರಿಸು.

‘ತಿಳಿಯುವುದಿಲ್ಲ’ ಎಂಬ ಉತ್ತರವನ್ನು ತರಗತಿಯಲ್ಲಿ ನಾನು ಒಪ್ಪುತ್ತಿರಲಿಲ್ಲ; ಈಗಲೂ ಒಪ್ಪಲಾರೆ. ಬಡತನವೇ ಕಾರಣವೆಂದು ಒಮ್ಮೆ ಬರೆದೆ. ನಮ್ಮಲ್ಲಿ ಬಡವರು ಕಡಿಮೆಯೇ? ಅವರು ಯಾರ ಬಸ್ಸಿನಲ್ಲೂ ಏನನ್ನೂ ಇಡಲಿಲ್ಲ. ಹೊಡೆದು ಹಾಕಿದೆ. ಅನ್ಯಾಯವೆಂದು ಬರೆದೆ. ಅನ್ಯಾಯ ಮಾಡಿದವನನ್ನು ಬಿಟ್ಟು, ಆ ಬಸ್ಸಿನಲ್ಲಿ ಕುಳಿತ ಅಪರಿಚಿತನನ್ನು ಕೊಲ್ಲುವುದೇಕೆ? ಅದನ್ನೂ ಹೊಡೆದು ಹಾಕಿದೆ. ಮೂಢತನವೆಂದು ಬರೆದೆ. ಆದರೆ ಬಾಂಬು ಮಾಡುವುದಕ್ಕೆ ವಿದ್ಯೆ ಬೇಕಲ್ಲ? ನೋಟುಬುಕ್ಕಿನ ಆರು ಹಾಳೆ ಹೊಡೆದು ಹಾಕಿದ ಗೆರೆಗಳಿಂದಲೇ ತುಂಬಿದೆ.

ಇಲ್ಲಿಯೂ ಒಂದು ಸಣ್ಣ ಗಲಭೆಯಾಯಿತು. ಜೂನ್ ಇಪ್ಪತ್ತೆಂಟರಂದು ಕಡಬದಲ್ಲಿ ಬಸ್ಸು ನಿಂತಿದ್ದಾಗ ಒಬ್ಬ ವ್ಯಾಪಾರಿಯ ಚೀಲದಲ್ಲಿ ಸಿಡಿಮದ್ದು ಸಿಕ್ಕಿ, ಜನ ಅವನನ್ನು ಹೊಡೆದು ಪೊಲೀಸರಿಗೆ ಒಪ್ಪಿಸಿದರಂತೆ. ವಿವರ ಸ್ಪಷ್ಟವಿಲ್ಲ. ನಮ್ಮ ಶಾಲೆಯ ಮಕ್ಕಳೂ ಆ ಬಸ್ಸಿನಲ್ಲಿದ್ದರು, ಯಾರಿಗೂ ಅಪಾಯವಾಗಲಿಲ್ಲ.

ಇತಿ,
ಧರ್ಮಪಾಲ ಮಾಸ್ತರ

* * *

ದೆಹಲಿ
1 ಆಗಸ್ಟ್ 1985

ಗುರುಗಳಿಗೆ ಪ್ರಣಾಮಗಳು.

ಅಕ್ಷರ ಈ ಸಲ ನಿಧಾನವಾಗಿ ಬರೆಯುತ್ತಿದ್ದೇನೆ. ಈ ಒಂದು ಕಾಗದಕ್ಕೆ ಮೂರು ದಿನ ಹಿಡಿಯಿತು.

ಇಲ್ಲಿ ನನಗೆ ಪರಿಚಯದ ಒಬ್ಬನಿದ್ದಾನೆ, ನನ್ನ ಹಾಗೆಯೇ ರೇಡಿಯೊ ಮೆಕ್ಯಾನಿಕ್. ಮೇ ಹತ್ತರ ಸಂಜೆ ಬಸ್ಸಿನಿಂದ ಇಳಿಯುವಾಗ ಸೀಟಿನ ಮೇಲೆ ಬಿಟ್ಟುಹೋದ ಒಂದು ರೇಡಿಯೊ ಕಂಡನು. ಅಂದು ಮೊದಲನೆಯ ದಿನ. ಯಾರಿಗೂ ಸುದ್ದಿ ತಿಳಿದಿರಲಿಲ್ಲ. ಒಡೆಯನಿಗೆ ಮುಟ್ಟಿಸೋಣವೆಂದು ಕೈಯಲ್ಲಿ ತೆಗೆದುಕೊಂಡು ಇಳಿದನು. ನಾಲ್ಕು ಹೆಜ್ಜೆ ನಡೆದ ಮೇಲೆ, ಆ ಅಳತೆಯ ರೇಡಿಯೊ ಇಷ್ಟು ಭಾರ ಇರುವುದಿಲ್ಲವೆಂದು ಕೈಗೆ ತಿಳಿಯಿತು. ಚರಂಡಿಯ ಕಡೆಗೆ ಎಸೆಯುವಷ್ಟರಲ್ಲಿ ಸಿಡಿಯಿತು. ಜೀವ ಉಳಿಯಿತು.

ಅವನ ಜೊತೆ ಹರಭಜನ್ ಸಿಂಗರಿದ್ದರು. ಕಳೆದ ನವೆಂಬರಿನಲ್ಲಿ, ಪ್ರಧಾನಿಯ ಕೊಲೆಯಾದ ಮೇಲೆ ಸಿಖ್ಖರ ಮೇಲೆ ನಡೆದ ಗಲಭೆಯಲ್ಲಿ, ಅವರ ತಮ್ಮನನ್ನು ಬೀದಿಯಲ್ಲಿ ಸುಟ್ಟರು, ಹಳೆಯ ಅಂಗಡಿಯನ್ನೂ ಸುಟ್ಟರು. ಸುಟ್ಟವರನ್ನು ಕೇಳಿದರೆ ಅವರಿಗೂ ಒಂದು ಕಾರಣವಿತ್ತು. ರೇಡಿಯೊ ಇಟ್ಟವನು ಯಾರೆಂದು ನನಗೆ ಗೊತ್ತಿಲ್ಲ. ಅವನನ್ನು ಕೇಳಿದರೆ ನವೆಂಬರನ್ನೇ ತೋರಿಸುತ್ತಿದ್ದನೋ ಏನೋ. ಎಲ್ಲರ ಕಿಸೆಯಲ್ಲೂ ಒಂದು ಕಾರಣ ಇದೆ, ಬಸ್ಸಿನ ಟಿಕೇಟಿನ ಹಾಗೆ. ಚೆಕಿಂಗಿಗೆ ಬಂದವರಿಗೆ ತೋರಿಸಲು.

ಆದರೆ ನವೆಂಬರಿನ ಕಾರಣ ಎಲ್ಲರಿಗಿಂತ ಹೆಚ್ಚು ಹರಭಜನ್ ಸಿಂಗರಿಗೆ ಇತ್ತಲ್ಲ? ಅವರು ಆ ದಿನ ಮಾಡಿದ್ದೇನೆಂದರೆ, ನಡುಬೀದಿಯಲ್ಲಿ ತಲೆಯ ಪೇಟ ಬಿಚ್ಚಿ, ಆ ಮೆಕ್ಯಾನಿಕ್ಕಿನ ಕೈಗೆ ಸುತ್ತಿ, ಎತ್ತಿಕೊಂಡು ಓಡಿದರು. ಜನ ಅವರನ್ನೇ ಅಪರಾಧಿಯೆಂದು ತಡೆದು ನಿಲ್ಲಿಸಿದರು. ‘ಮೊದಲು ಇವನನ್ನು ಆಸ್ಪತ್ರೆಗೆ ಸೇರಿಸುತ್ತೇನೆ, ಆಮೇಲೆ ನನ್ನನ್ನು ಹೊಡೆಯಿರಿ’ ಎಂದರು. ಒಂದೇ ನೋವಿನಿಂದ ಒಬ್ಬ ಹೀಗೆ, ಇನ್ನೊಬ್ಬ ಹಾಗೆ ಆಗುವುದು ಹೇಗೆ? ಇದು ನಿಮ್ಮ ಭಾಷಣಕ್ಕೆ ಉಪಯೋಗವಾಗುವುದಿಲ್ಲ. ನನಗೇ ಗೊಂದಲ.

ಆ ವ್ಯಾಪಾರಿ ಯಾರು? ಉಪ್ಪಿನಂಗಡಿಯ ಕಡೆಯಿಂದ ಬರುವ ಬಸ್ಸಿನಲ್ಲಿ ಸಿಡಿಮದ್ದು ಎಂದರೆ ಅದು ಗರ್ನಾಲ್ ಅಲ್ಲವೇ? ಪೋಕರಾಕ ಹುಷಾರಾಗಿದ್ದಾರೆಯೇ?

ಪ್ರೇಮನಾಥ

* * *

ಗುತ್ತಿಗಾರು
26 ಆಗಸ್ಟ್ 1985

ಪ್ರೇಮನಾಥನಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ಕುಳಿತು ಮೂರು ಇನ್‌ಲ್ಯಾಂಡ್ ಕಾಗದ ಕೆಡಿಸಿದೆ. ಇಂದು ನಿನ್ನ ತಾಯಿ ಬಂದು ಎದುರು ಕುಳಿತಿದ್ದಾರೆ. ‘ನಾನು ಹೇಳಿದ ಹಾಗೆ ಬರೀರಿ, ನಿಮ್ಮ ಪುಸ್ತಕದ ಭಾಷೆ ಬೇಡ’ ಎಂದು ಆಜ್ಞೆಯಾಗಿದೆ. ಮುಂದಿನದೆಲ್ಲ ಅವರ ಮಾತು.

ಮಗಾ ಪ್ರೇಮು, ನಾನು ಅಮ್ಮ. ನಿನ್ನ ಕಾಗದವನ್ನು ಮಾಸ್ಟ್ರು ಎರಡು ಸಲ ಓದಿದ್ರು. ಆ ಮೆಕ್ಯಾನಿಕ್ಕಿನ ಹೆಸ್ರು ಎಂತದು ಅಂತ ನೀನು ಯಾಕೆ ಬರೀಲಿಲ್ಲ? ದಪ್ಪ ಆಗಿದ್ದೇನೆ ಅಂತ ಬರೆದದ್ದು ಸಾಕು, ನನ್ನ ಹತ್ರ ಸುಳ್ಳು ಬೇಡ ಮಾರಾಯ. ಒಂದು ಕೆಲಸ ಮಾಡು. ನಿನ್ನ ಬಲಗೈಯನ್ನು ಕಾಗದದ ಮೇಲೆ ಇಟ್ಟು, ಪೆನ್ಸಿಲಲ್ಲಿ ಸುತ್ತ ಗೆರೆ ಎಳೆದು ಕಳ್ಸು. ಸಣ್ಣದಿರುವಾಗ ಸ್ಲೇಟಿನಲ್ಲಿ ಎಳೀತಿದ್ದಿಯಲ್ಲ, ಹಾಗೆ. ಮಾಸ್ಟ್ರು ಬರೀದೆ ಸುಮ್ಮನೆ ಕೂತಿದ್ದಾರೆ. ಬರೀರಿ ಮಾಸ್ಟ್ರೇ! ಇನ್ನೊಂದು. ಮಾಸ್ಟ್ರು ಈಗ ಸರಿ ಊಟ ಮಾಡುದಿಲ್ಲ. ಮೊನ್ನೆ ಪೋಕರಣ್ಣನ ಹೆಂಡತಿ ರುಕಿಯಾ ಇವರ ಜಗಲಿಗೆ ಬಂದು ಅತ್ತು ಹೋದ್ಲು. ಎಂತಕ್ಕೆ ಅಂತ ಕೇಳಿದ್ರೆ ಹೇಳುದಿಲ್ಲ. ನೀನಾದ್ರೂ ಕೇಳು. ನಿಮ್ಮಿಬ್ಬರದ್ದೂ ಒಂದೇ ರೋಗ.

ಇಷ್ಟು ಅವರ ಮಾತು. ಒಂದನ್ನೂ ತಿದ್ದಲಿಲ್ಲ.

ಧರ್ಮಪಾಲ

* * *

ದೆಹಲಿ
9 ಸೆಪ್ಟೆಂಬರ್ 1985

ಗುರುಗಳಿಗೆ, ಅಮ್ಮನಿಗೆ.

ಬೇರೆ ಹಾಳೆಯಲ್ಲಿ ಗೆರೆ ಎಳೆದಿದ್ದೇನೆ. ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರು ಇಲ್ಲ. ಗಾಯ ಪೂರ್ತಿ ಒಣಗಿದೆ. ಕಾಗದಗಳನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹರಭಜನ್ ಸಿಂಗರು ಅಂಗಡಿಯಿಂದ ಬಿಡಿಸಲಿಲ್ಲ. ಎಡಗೈಯಲ್ಲಿ ಬೆಸುಗೆ ಹಾಕುವುದನ್ನು ಕಲಿಸುತ್ತಿದ್ದಾರೆ. ಅಮ್ಮ, ಅಳಬೇಡ. ದಪ್ಪಗಾಗಿರುವುದು ಮಾತ್ರ ನಿಜ.

ಗುರುಗಳೇ, ನಿಮಗೆ ಬರೆಯದೆ ಇದ್ದುದಕ್ಕೆ ಇನ್ನೊಂದು ಕಾರಣವಿತ್ತು. ಆ ರೇಡಿಯೊ ಎತ್ತಿಕೊಳ್ಳುವಾಗ ನನ್ನ ಮನಸ್ಸಿನಲ್ಲಿದ್ದದ್ದು ನಮ್ಮ ಶಾಲೆಯ ಕಪಾಟು. ನೀವು ಇದನ್ನು ತಿಳಿದರೆ ಆ ಪಾಠವನ್ನೇ ತಪ್ಪೆಂದುಕೊಳ್ಳುವಿರೆಂದು ಹೆದರಿದೆ. ತಪ್ಪಲ್ಲ. ಅದು ಒಳ್ಳೆಯ ಪಾಠವೇ, ಅಂದು ಕೆಟ್ಟ ದಿನವಾಗಿತ್ತು, ಅಷ್ಟೆ. ಹೀಗೆ ಬರೆಯುತ್ತೇನೆ, ಆದರೂ ಕೆಲವು ದಿನ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಅದೂ ನಿಜ.

ಆಸ್ಪತ್ರೆಯಿಂದ ಬಂದ ಮೇಲೆ ಬಸ್ಸಿನಲ್ಲಿ ಪಕ್ಕ ಕುಳಿತವರ ಚೀಲವನ್ನೇ ನೋಡುತ್ತಿದ್ದೆ. ಒಂದು ದಿನ ನನ್ನ ಯಜಮಾನರ ಚೀಲವನ್ನೂ ಹಾಗೆ ನೋಡಿದೆ. ಅವರಿಗೆ ತಿಳಿಯಿತು. ಚೀಲವನ್ನು ಬಿಚ್ಚಿ ನನ್ನ ಮಡಿಲಲ್ಲಿಟ್ಟರು. ಒಳಗೆ ನನಗೆ ತಂದ ರೊಟ್ಟಿ ಇತ್ತು. ಬೆರಳು ಹೋದದ್ದಕ್ಕಿಂತ ಆ ದಿನ ಹೆಚ್ಚು ನೋವಾಯಿತು. ಆ ರೇಡಿಯೊ ಇಟ್ಟವನಿಗೆ ಬೇಕಾಗಿದ್ದುದು ಇದೇ ಇರಬೇಕು ಎನಿಸಿತು.

ರುಕಿಯಾಕ್ಕ ಏಕೆ ಅತ್ತರು? ನನ್ನ ಕೈ ತೋರಿಸಿದ್ದೇನೆ. ನೀವೂ ನಿಮ್ಮದನ್ನು ತೋರಿಸಬೇಕು.

ಪ್ರೇಮನಾಥ

* * *

ಗುತ್ತಿಗಾರು
3 ಅಕ್ಟೋಬರ್ 1985

ಪ್ರಿಯ ಪ್ರೇಮನಾಥ,

ನಿನ್ನ ಕಾಗದ ಸೆಪ್ಟೆಂಬರ್ ಹದಿನಾರಕ್ಕೆ ಬಂತು. ಪೂವಮ್ಮ ಆ ಗೆರೆಯ ಮೇಲೆ ತಮ್ಮ ಕೈಯನ್ನು ಇಟ್ಟು ನೋಡಿದರು. ‘ಇದು ಅವನದ್ದೇ’ ಎಂದು ಒಂದೇ ಮಾತು ಹೇಳಿದರು. ಅಕ್ಷರ ಕೆಟ್ಟಿತೆಂದು ನಿನ್ನನ್ನು ಗದರಿದ ಆ ಕಾಗದ ನಿನ್ನ ಬಳಿ ಇದ್ದರೆ ಹರಿದುಹಾಕು. ಇಲ್ಲ, ಇಟ್ಟುಕೋ.

ಈಗ ನನ್ನ ಕೈ ತೋರಿಸುತ್ತೇನೆ.

‘ವಿವರ ಸ್ಪಷ್ಟವಿಲ್ಲ’ ಎಂದು ನಿನಗೆ ಬರೆದಿದ್ದೆನಲ್ಲ, ಆ ಬಸ್ಸಿನಲ್ಲಿ ನಾನಿದ್ದೆ. ಕಡಬದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುವುದು ನಿನಗೆ ಗೊತ್ತು. ಸೀಟು ಕಾದಿರಿಸಲು ಕಿಟಕಿಯಿಂದ ಹೆಗಲ ಮೇಲಿನ ಬೈರಾಸನ್ನೋ ಚೀಲವನ್ನೋ ಸೀಟಿನ ಮೇಲೆ ಹಾಕುವುದು ನಮ್ಮೂರಿನಲ್ಲಿ ಎಲ್ಲರೂ ಮಾಡುವ ಕೆಲಸ. ಪೋಕರ್ ತನ್ನ ಚೀಲವನ್ನು ಹಾಗೆ ಹಾಕಿ, ಮೀನಿನ ಬುಟ್ಟಿಯನ್ನು ಬಸ್ಸಿನ ಮಾಡಿಗೇರಿಸಲು ಹಿಂದೆ ಹೋದನು. ನಮ್ಮ ಹತ್ತನೆಯ ತರಗತಿಯ ಊರ್ಮಿಳಾ ಬಂದು ಆ ಸೀಟಿನ ಬಳಿ ನಿಂತಳು. ಚೀಲದ ಬಾಯಿ ತೆರೆದಿತ್ತು. ಒಳಗೆ ಸುತಳಿ ಸುತ್ತಿದ ಉಂಡೆಗಳು, ಬತ್ತಿಗಳು. ಒಡೆಯ ಕಾಣಲಿಲ್ಲ. ನಾನು ಕಲಿಸಿದಂತೆಯೇ ಅವಳು ಕೂಗಿದಳು. ನಾನು ಕಲಿಸಿದಂತೆಯೇ ಹತ್ತು ಜನ ಸೇರಿದರು.

“ನನ್ದು, ನನ್ದು ಮಾರಾಯ್ರೆ! ಆನೆಗೆ ಇರುದು ಅದು!” ಎಂದು ಪೋಕರ್ ಓಡಿಬಂದನು.

“ಆನೆಗಂತೆ! ಬಸ್ಸಲ್ಲಿ ಆನೆ ಉಂಟಾ?” ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಗುತ್ತಲೇ ಮೊದಲ ಏಟು ಬಿತ್ತು.

“ಸರ್, ನೀವು ಹೇಳಿ ಸರ್, ನೀವೇ ಚೀಟಿ ಬರೆದದ್ದಲ್ವಾ?” ಎಂದು ಅವನು ನನ್ನನ್ನು ಕಂಡು ಕೇಳಿದನು.

ನಾನು ಮುಂದಿನ ಸೀಟಿನಲ್ಲಿದ್ದೆ. ಹದಿನೈದು ವರ್ಷದಿಂದ ಅವನನ್ನು ಬಲ್ಲೆ. ಚೀಟಿ ಬರೆದದ್ದು ನನ್ನದೇ ಕೈ. ಆದರೂ ಪ್ರೇಮನಾಥ, ಆ ಒಂದು ನಿಮಿಷ ನನಗೆ ಸಂಶಯ ಬಂತು. ‘ಗರ್ನಾಲಿನ ಜೊತೆ ಬೇರೆ ಏನಾದರೂ ಇದ್ದರೆ?’ ದೆಹಲಿಯ ಸುದ್ದಿ ಓದಿದ ಕಣ್ಣಿನಿಂದ ಪೋಕರನನ್ನು ನೋಡಿದೆ. ಬಾಯಿ ಬರಲಿಲ್ಲ. ಸಂಶಯ ಹೋದದ್ದು ಅವನನ್ನು ಜೀಪಿಗೆ ಹತ್ತಿಸಿದ ಮೇಲೆ. ಅನಂತರ ಬಾಯಿ ಬಿಡಲು ನಾಚಿಕೆ ಅಡ್ಡ ಬಂತು. ಸಮಿತಿಯ ಬೋಜಣ್ಣ, “ಗರ್ನಾಲಿಗೆ ಪರವಾನಿಗೆ ಎಲ್ಲಿ ಉಂಟು ಅಂತ ನಮ್ಮನ್ನೇ ಹಿಡೀತಾರೆ. ಸುಮ್ಮನಿರಿ ಮಾಸ್ಟ್ರೇ, ಅವ ಹೇಗೂ ಹೊರಗೆ ಬರ್ತಾನೆ” ಎಂದನು. ಅದು ನನಗೆ ಅನುಕೂಲದ ಮಾತಾಯಿತು.

ಅವನು ಹೊರಗೆ ಬರಲಿಲ್ಲ. ಜಾಮೀನಿಗೆ ಊರಿನ ಇಬ್ಬರು ನಿಲ್ಲಬೇಕಿತ್ತು, ಒಬ್ಬರೂ ಹೋಗಲಿಲ್ಲ. ರುಕಿಯಾ ಬಂದು, “ಸರ್, ನಿಮ್ಮ ಚೀಟಿ ಸಿಕ್ಕಿದ್ರೆ ಸಾಕು ಅಂತ ವಕೀಲರು ಹೇಳ್ತಾರೆ. ಚೀಲದ ಒಳಕಿಸೆಯಲ್ಲಿ ಇತ್ತು. ಚೀಲ ಎಲ್ಲಿ ಹೋಯಿತೋ ಗೊತ್ತಿಲ್ಲ” ಎಂದಳು. ‘ನೋಡೋಣ’ ಎಂದೆ.

ಚೀಲ ಎಲ್ಲಿತ್ತು ಎಂದು ನನಗೆ ಗೊತ್ತಿತ್ತು. ಗರ್ನಾಲುಗಳನ್ನು ಪೊಲೀಸರು ಒಯ್ದಿದ್ದರು. ಹರಿದ ಚೀಲ ಸೀಟಿನಡಿಯಲ್ಲಿ ಬಿದ್ದಿತ್ತು. ಹಳೆಯ ರೂಢಿಯಂತೆ ಕಂಡಕ್ಟರ್ ಮರುದಿನ ಅದನ್ನು ಶಾಲೆಗೆ ತಂದುಕೊಟ್ಟನು. ನಾನು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ಎಲ್ಲೋ ಕಳೆದುಹೋಗಿತ್ತೆಂದು ಬರೆಯಲು ನನಗೆ ನೆಪವೂ ಇಲ್ಲ. ಮೇಜಿನ ಮೇಲೆಯೇ ಇತ್ತು. ಎಂಬತ್ತು ದಿನ ಅದನ್ನು ನೋಡುತ್ತಾ, ಭಯೋತ್ಪಾದನೆಯ ಕಾರಣ ಹುಡುಕುತ್ತಾ, ನೋಟುಬುಕ್ಕಿನಲ್ಲಿ ಗೆರೆ ಹೊಡೆಯುತ್ತಿದ್ದೆ.

ಸೆಪ್ಟೆಂಬರ್ ಹದಿನೇಳರ ಬೆಳಿಗ್ಗೆ ಕಪಾಟು ತೆರೆದೆ. ಒಳಕಿಸೆಯಲ್ಲಿ ಚೀಟಿಯಿತ್ತು. ಬೋಜಣ್ಣನಿಗೆ ನೀನು ಕಳುಹಿಸಿದ ಗೆರೆಯ ಹಾಳೆ ತೋರಿಸಿದೆ. ಅಂಗಿ ಹಾಕಿಕೊಂಡು ಬಂದನು. ಇಬ್ಬರೂ ಜಾಮೀನು ನಿಂತೆವು. ಚೀಟಿ ವಕೀಲರ ಕೈ ಸೇರಿತು. ಪ್ರಕರಣ ಇನ್ನೂ ಮುಗಿದಿಲ್ಲ. ಸಾಕ್ಷಿ ಹೇಳಲು ನಾನು ಬರುತ್ತೇನೆಂದು ಬರೆದುಕೊಟ್ಟಿದ್ದೇನೆ.

ಇಪ್ಪತ್ತರಂದು ಪೋಕರ್ ಹೊರಗೆ ಬಂದನು. ಜೈಲಿನ ಗೇಟಿನ ಬಳಿ ಕೈಮುಗಿದು ನಿಂತೆ. ಅವನು ನನ್ನನ್ನು ನೋಡಿ, “ಆನೆ ಓಡಿಸ್ಲಿಕ್ಕೆ ಒಂದು ಚೀಲ ಗರ್ನಾಲ್ ಬೇಕಾಗ್ತದೆ ಸರ್. ನನ್ನನ್ನು ಓಡಿಸ್ಲಿಕ್ಕೆ ಒಂದೂ ಬೇಕಾಗ್ಲಿಲ್ಲ” ಎಂದನು. ಬಸ್ಸು ಬಂದಾಗ ಹತ್ತಲಿಲ್ಲ. ರುಕಿಯಾಳ ಜೊತೆ ನಡೆದೇ ಹೋದನು. ಅಂದಿನಿಂದ ನಮ್ಮ ಕಡೆಗೆ ಬಂದಿಲ್ಲ.

ನಿನ್ನೆ ಪುತ್ತೂರಿನಲ್ಲಿ ಸಭೆ. ವಂದನೆ ಹೇಳಿದೆ, ಹಿರಿಯರಿಗೆ ಕೃತಜ್ಞತೆ ಹೇಳಿದೆ. ಆಮೇಲೆ ನೋಟುಬುಕ್ಕು ಮುಚ್ಚಿ ನಿನಗೆ ಈಗ ಬರೆದದ್ದನ್ನೇ ಹೇಳಿದೆ. ನಿನ್ನ ಹಾಳೆಯನ್ನೂ ತೋರಿಸಿದೆ. ಪೂವಮ್ಮನ ಅನುಮತಿ ಇತ್ತು. ಮುಂದಿನ ಸಾಲಿನಲ್ಲಿ ಇಬ್ಬರು ಎದ್ದು ಹೋದರು. ಒಬ್ಬ ತರುಣ, “ಹಾಗಾದ್ರೆ ಕಾರಣ ಎಂತದು ಸರ್? ನೀವು ಅದನ್ನು ಹೇಳ್ಲೇ ಇಲ್ಲ” ಎಂದು ಕೇಳಿದನು.

ಪೂರ್ತಿ ತಿಳಿಯದು ಎಂದೆ. ನೋವು ಇರುತ್ತದೆ, ಅನ್ಯಾಯ ಇರುತ್ತದೆ, ಆ ನೋವನ್ನು ಬಳಸಿಕೊಳ್ಳುವವರೂ ಇರುತ್ತಾರೆ. ಆದರೆ ಅದೇ ನೋವಿದ್ದ ಒಬ್ಬರು ಪೇಟ ಬಿಚ್ಚಿ ಗಾಯಕ್ಕೆ ಕಟ್ಟಿದರಲ್ಲ, ಆದ್ದರಿಂದ ಅಷ್ಟೇ ಉತ್ತರವಾಗಲಾರದು ಎಂದೆ. ಭಯೋತ್ಪಾದನೆ ಏನೆಂಬುದು ಮಾತ್ರ ನನಗೆ ಕಡಬದಲ್ಲಿ ಸ್ವಲ್ಪ ತಿಳಿಯಿತು. ದೆಹಲಿಯಲ್ಲಿ ಯಾರೋ ಇಟ್ಟದ್ದು ನಮ್ಮ ಬಸ್ಸಿನಲ್ಲಿ ಸಿಡಿಯಿತು, ಮದ್ದಿಲ್ಲದೆ, ನನ್ನ ಮೌನದಲ್ಲಿ.

ಆಗ ಊರ್ಮಿಳಾ ಎದ್ದು ನಿಂತಳು. “ನೀವು ಹೇಳಿದ್ದನ್ನೇ ಮಾಡಿದ್ದು ಸರ್ ನಾನು. ಈಗ ಇನ್ನೊಂದು ಹೇಳ್ತೀರಿ. ನಾಳೆ ಬಸ್ಸಲ್ಲಿ ಚೀಲ ಕಂಡ್ರೆ ನಾನು ಎಂತ ಮಾಡುದು?”

ನ್ಯಾಯವಾದ ಪ್ರಶ್ನೆ. “ಮುಟ್ಟಬೇಡ, ಕೂಗು. ಆದರೆ ‘ನನ್ನದು’ ಎಂದು ಓಡಿಬಂದವನ ಮಾತನ್ನು ಪೂರ್ತಿ ಕೇಳುವ ತನಕ ಯಾರೂ ಕೈ ಎತ್ತದ ಹಾಗೆ ಅಡ್ಡ ನಿಲ್ಲು. ನಾನು ನಿಲ್ಲಲಿಲ್ಲ” ಎಂದೆ. ಅವಳು ತಲೆಯಾಡಿಸಲಿಲ್ಲ. ಸಭೆ ಮುಗಿದ ಮೇಲೆ ಸಂಜೆ ಶಾಲೆಗೆ ಬಂದು ಆ ಚೀಲ ಕೇಳಿ ಒಯ್ದಳು. ಇಂದು ಬೆಳಿಗ್ಗೆ ಹೊಲಿದು ತಂದುಕೊಟ್ಟಿದ್ದಾಳೆ. ಹೊಲಿಗೆ ನಿನ್ನ ಎಡಗೈ ಅಕ್ಷರದಂತಿದೆ, ಗಟ್ಟಿಯಾಗಿದೆ.

ಪೋಕರ್ ಬಾಗಿಲು ತೆರೆಯುತ್ತಾನೋ ಇಲ್ಲವೋ ತಿಳಿಯದು. ತೆರೆಯದಿದ್ದರೆ ಅದು ಅವನ ಹಕ್ಕು, ಮತ್ತೊಮ್ಮೆ ಹೋಗಬೇಕಾಗುತ್ತದೆ. ಸಭೆಯ ಕೊನೆಯಲ್ಲಿ, ಜೂನ್ ತಿಂಗಳಿನಿಂದ ಸಿದ್ಧವಾಗಿದ್ದ ಆ ಕೊನೆಯ ಮಾತಿಗೆ ಬಂದಾಗ, ಅದನ್ನು ಬರೆದಿಟ್ಟಂತೆ ಹೇಳಲಾಗಲಿಲ್ಲ. ಹೇಳಿದ್ದು ಇಷ್ಟು:

‘ನಮ್ಮ ಕಪಾಟಿನಲ್ಲಿ ಒಂದು ಸೊತ್ತು ಉಳಿದಿದೆ. ಅದರ ಒಡೆಯ ಯಾರೆಂದು ನಮಗೆಲ್ಲರಿಗೂ ಗೊತ್ತು. ಶುಕ್ರವಾರ ಬೆಳಿಗ್ಗೆ ಏಳರ ಬಸ್ಸಿಗೆ ಉಪ್ಪಿನಂಗಡಿಗೆ ಹೊರಡುತ್ತೇನೆ. ಬರುವವರು ಬನ್ನಿ. ಮೊದಲು ಅದನ್ನು ಮುಟ್ಟಿಸೋಣ.’